ಅವ್ವನ ಸೀರೆಗಳಿಗೆ ಕತ್ತರಿ ಹಾಕುವ ಮೊದಲು

ಪ್ರಶ್ನೆ: ನಮ್ಮದು ಕುಷ್ಟಗಿ ತಾಲ್ಲೂಕಿನ ಒಂದು ಹಳ್ಳಿ. ನಾನು ರಾಯಚೂರಿನಲ್ಲಿ ಶಿಕ್ಷಕಿಯಾಗಿದ್ದೇನೆ. ಎಂಟು ತಿಂಗಳ ಹಿಂದೆ ಅವ್ವ ತೀರಿಕೊಂಡರು. ಅವರ ಟ್ರಂಕಿನಲ್ಲಿ ಒಂಬತ್ತು ವಾರಿಯ ಎರಡು ಇಳಕಲ್ ಸೀರೆಗಳು, ಮದುವೆಯ ಜರಿ ಸೀರೆ, ನಾಲ್ಕು ನೈಲಾನ್ ಸೀರೆಗಳು, ಐದಾರು ಖಣದ ಕುಬಸಗಳು ಮತ್ತು ಅಪ್ಪನ ಒಂದು ಬಿಳಿ ಧೋತರ ಇವೆ. ವರ್ಷದ ಕಾರ್ಯದೊಳಗೆ ಇವುಗಳಿಂದ ಕೌದಿ ಹೊಲಿದು ನಾನು, ತಂಗಿ, ತಮ್ಮ ಮೂವರೂ ಇಟ್ಟುಕೊಳ್ಳಬೇಕೆಂಬ ಆಸೆ. ಆದರೆ ದೊಡ್ಡವ್ವ ‘ಸತ್ತವರ ಅರಿವಿಗೆ (ಬಟ್ಟೆಗೆ) ಕತ್ತರಿ ಹಚ್ಚಬಾರದು, ದಾನ ಕೊಟ್ಟುಬಿಡಬೇಕು’ ಎನ್ನುತ್ತಾರೆ. ತಮ್ಮ ಬಳ್ಳಾರಿಯಲ್ಲಿದ್ದಾನೆ, ಅಲ್ಲಿ ಜೀನ್ಸ್ ಹೊಲಿಯುವ ಕಡೆ ಕೊಟ್ಟರೆ ಒಂದೇ ದಿನದಲ್ಲಿ ಕೆಲಸ ಮುಗಿಯುತ್ತದೆ ಎನ್ನುತ್ತಾನೆ. ನನಗಂತೂ ಕತ್ತರಿ ಹಿಡಿದರೆ ಕೈ ನಡುಗುತ್ತದೆ. ಯಾವ ಬಟ್ಟೆ ಬಳಸಬೇಕು, ಹೇಗೆ ಹೊಲಿಯಬೇಕು, ಮೂವರಿಗೆ ಹೇಗೆ ಹಂಚಬೇಕು?

ಉತ್ತರ: ನಿಮ್ಮ ದೊಡ್ಡವ್ವನ ಮಾತಿನಿಂದಲೇ ಆರಂಭಿಸುತ್ತೇನೆ, ಏಕೆಂದರೆ ಅವರನ್ನು ಬದಿಗೆ ಸರಿಸಿ ಹೊಲಿದ ಕೌದಿ ನಿಮ್ಮ ಮನೆಯಲ್ಲಿ ಟ್ರಂಕಿನಿಂದ ಹೊರಗೆ ಬರುವುದು ಕಷ್ಟ. ತೀರಿಕೊಂಡವರ ಬಟ್ಟೆಗಳನ್ನು ದಾನ ಕೊಡುವ ರೂಢಿ ನಮ್ಮ ಭಾಗದ ಎಷ್ಟೋ ಮನೆಗಳಲ್ಲಿದೆ ಮತ್ತು ಅದಕ್ಕೆ ಅದರದೇ ಆದ ಅರ್ಥವೂ ಇದೆ. ಆದರೆ ಕೌದಿ ಎಂಬುದು ಹುಟ್ಟಿದ್ದೇ ಉಟ್ಟು ಸವೆದ ಬಟ್ಟೆಯಿಂದ. ಅಂಗಡಿಯಿಂದ ಹೊಸ ಬಟ್ಟೆ ತಂದು ಕೌದಿ ಹೊಲಿಯುವುದು ಈಚಿನ ಪದ್ಧತಿ. ಬಾಣಂತಿಯ ಕೋಣೆಯಲ್ಲಿ ಕೂಸಿನ ಮೈಗೆ ಮೊದಲು ಸೋಕುವುದು ಸಾಮಾನ್ಯವಾಗಿ ಅಜ್ಜಿಯ ಹಳೆಯ ಸೀರೆಯ ಮೆತ್ತನೆಯ ತುಂಡೇ, ಆ ಅಜ್ಜಿ ಇರಲಿ, ಇಲ್ಲದಿರಲಿ. ಇದನ್ನು ದೊಡ್ಡವ್ವನ ಮುಂದೆ ವಾದವಾಗಿ ಮಂಡಿಸಬೇಡಿ. ದಾನಕ್ಕೆ ಯಾವುದು ಹೋಗಬೇಕು ಎಂಬುದನ್ನು ಅವರೇ ಆರಿಸಲಿ. ನೈಲಾನ್ ಸೀರೆಗಳು ಕೌದಿಗೆ ಒಗ್ಗುವುದಿಲ್ಲ. ಬೆವರು ಹೀರುವುದಿಲ್ಲ, ಇಸ್ತ್ರಿ ಸ್ವಲ್ಪ ಬಿಸಿಯಾದರೂ ಮುದುಡಿಕೊಳ್ಳುತ್ತವೆ, ಮಗ್ಗುಲಿನ ಹತ್ತಿ ಬಟ್ಟೆಯೊಂದಿಗೆ ಹೊಂದಿಕೊಳ್ಳದೆ ಜಾರುತ್ತವೆ. ಆದರೆ ಉಡುವವರಿಗೆ ಇನ್ನೂ ಹತ್ತು ವರ್ಷ ಬರುತ್ತವೆ. ನಾಲ್ಕರಲ್ಲಿ ಮೂರನ್ನಾದರೂ ದೊಡ್ಡವ್ವನ ಕೈಯಿಂದಲೇ ಕೊಡಿಸಿದರೆ ಅವರ ಮಾತೂ ಉಳಿಯುತ್ತದೆ, ನಿಮ್ಮ ಕೆಲಸವೂ ಹಗುರವಾಗುತ್ತದೆ.

ಕತ್ತರಿಯ ಬಗ್ಗೆ ಇನ್ನೊಂದು ಮಾತು. ಹತ್ತಿಯ ಸೀರೆಗೆ ಕತ್ತರಿ ಬೇಕಾಗುವುದು ದಡಿಯಷ್ಟಕ್ಕೆ ಮಾತ್ರ. ದಡಿಯನ್ನು ನಾಲ್ಕು ಬೆರಳಿನಷ್ಟು ಕತ್ತರಿಸಿ, ಎರಡೂ ಕೈಯಿಂದ ಹಿಡಿದು ಸೀಳಿದರೆ ಸೀರೆ ತನ್ನ ಹೊಕ್ಕಿನ, ಅಂದರೆ ಅಡ್ಡ ನೂಲಿನ ಗುಂಟ ತಾನೇ ನೆಟ್ಟಗೆ ಹರಿಯುತ್ತದೆ, ಗೆರೆ ಹಾಕುವ ಅಗತ್ಯವೂ ಇರುವುದಿಲ್ಲ. ಕೌದಿ ಹೊಲಿಯುವ ಹಿರಿಯ ಹೆಣ್ಣುಮಕ್ಕಳು ಮಾಡುವುದೂ ಹೀಗೆಯೇ. ಸೀಳುವಾಗ ಬಟ್ಟೆ ಅಡ್ಡಾದಿಡ್ಡಿ ಹರಿದರೆ ಅಲ್ಲಿಯ ನೂಲು ಸತ್ತಿದೆ ಎಂದು ತಿಳಿಯಬೇಕು. ಆ ಭಾಗ ಕೌದಿಯ ಮೇಲ್ಮೈಗೆ ಬೇಡ.

ಬಟ್ಟೆಯ ಆಯ್ಕೆಯಲ್ಲಿ ಹೆಚ್ಚಿನವರು ಎಡವುವುದು ಒಂದೇ ಕಡೆ: ಮನಸ್ಸಿಗೆ ಅತ್ಯಂತ ಹತ್ತಿರವಾದ ಸೀರೆಯನ್ನು ಮೊದಲು ಎತ್ತಿಕೊಳ್ಳುತ್ತಾರೆ. ಅದು ಬಹುಮಟ್ಟಿಗೆ ಮದುವೆಯ ಸೀರೆಯಾಗಿರುತ್ತದೆ, ಮತ್ತು ಹಳೆಯ ರೇಷ್ಮೆಯಷ್ಟು ಕೈಕೊಡುವ ಬಟ್ಟೆ ಇನ್ನೊಂದಿಲ್ಲ. ವರ್ಷಗಟ್ಟಲೆ ಒಂದೇ ಮಡಿಕೆಯಲ್ಲಿದ್ದ ರೇಷ್ಮೆ ಮಡಿಕೆಯ ಗೆರೆಗಳಲ್ಲಿಯೇ ಒಡೆಯುತ್ತದೆ, ಜರಿ ಕಪ್ಪಾಗಿರುತ್ತದೆ, ನೀರು ಬಿದ್ದರೆ ಹತ್ತಿ ಒಂದು ರೀತಿ ಕುಗ್ಗಿ ರೇಷ್ಮೆ ಇನ್ನೊಂದು ರೀತಿ ಕುಗ್ಗುತ್ತದೆ. ನಿಮ್ಮ ಅವ್ವನ ಜರಿ ಸೀರೆಯನ್ನು ಇಡಿಯಾಗಿಯೇ ಇಟ್ಟುಕೊಳ್ಳಿ. ಪಾಲಿಥಿನ್ ಚೀಲದಲ್ಲಿ ಬೇಡ, ಒಗೆದು ಒಣಗಿಸಿದ ಬಿಳಿ ಹತ್ತಿ ಬಟ್ಟೆಯಲ್ಲಿ ಸುತ್ತಿ, ನುಸಿಗುಳಿಗೆ ಹಾಕದೆ ಇಡಿ ಮತ್ತು ಆರು ತಿಂಗಳಿಗೊಮ್ಮೆ ಬೇರೆ ಜಾಗದಲ್ಲಿ ಮಡಿಕೆ ಬೀಳುವಂತೆ ಮಡಚಿ. ಅಪ್ಪನ ಧೋತರವನ್ನೂ ನಿಮಗೆ ಮನಸ್ಸಿದ್ದರೆ ಮಾತ್ರ ಹರಿಯಿರಿ.

ಕೌದಿಯ ಮೈಯಾಗಬೇಕಾದದ್ದು ಎರಡು ಇಳಕಲ್ ಸೀರೆಗಳು. ಅವುಗಳಲ್ಲಿ ಒಂದನ್ನು ಅವರು ದಿನವೂ ಉಡುತ್ತಿದ್ದಿರಬಹುದು. ಬೆಳಗಿನ ಹೊತ್ತು ಕಿಟಕಿಗೆ ಅಡ್ಡವಾಗಿ ಹಿಡಿದು ನೋಡಿದರೆ ಆ ಸೀರೆ ತನ್ನ ಲೆಕ್ಕವನ್ನು ತಾನೇ ಒಪ್ಪಿಸುತ್ತದೆ. ಕೂರುವ ಭಾಗದಲ್ಲಿ ಹಾಸಿನ, ಅಂದರೆ ಉದ್ದ ನೂಲುಗಳು ಸವೆದು ಬೆಳಕು ಜರಡಿಯಂತೆ ತೂರಿ ಬರುತ್ತದೆ. ನೆರಿಗೆಯ ಕೆಳಗಿನ ದಡಿ ಹಿಮ್ಮಡಿಗೆ ಉಜ್ಜಿ ಉಜ್ಜಿ ಜುಂಜಾಗಿರುತ್ತದೆ. ಸೆರಗಿನ ಒಂದು ಮೂಲೆಯಲ್ಲಿ ಒಲೆಯ ಮುಂದೆ ಕೈ ಒರೆಸಿದ ಅರಿಸಿನದ ಕಲೆ, ಇನ್ನೊಂದು ಮೂಲೆಯಲ್ಲಿ ದುಡ್ಡು ಕಟ್ಟಿಟ್ಟ ಗಂಟಿನ ಸುಕ್ಕು ಇರುತ್ತದೆ. ಅತ್ಯಂತ ಗಟ್ಟಿಯಾಗಿ ಉಳಿದಿರುವುದು ಸೊಂಟಕ್ಕೆ ಮೊದಲು ಸುತ್ತಿ ಸಿಕ್ಕಿಸುತ್ತಿದ್ದ ಒಳಗಿನ ತುದಿ, ಏಕೆಂದರೆ ಅದು ಬಿಸಿಲನ್ನೂ ಕಂಡಿಲ್ಲ, ನೆಲವನ್ನೂ ಮುಟ್ಟಿಲ್ಲ. ಬಣ್ಣ ಮೊದಲು ಹೇಗಿತ್ತು ಎಂಬುದು ಅಲ್ಲಿ ಮಾತ್ರ ತಿಳಿಯುತ್ತದೆ. ಆ ಭಾಗವನ್ನು ಮೇಲ್ಪದರಕ್ಕೆ ಎತ್ತಿಡಿ. ಕಲೆಯ ಸೆರಗನ್ನು ಬಿಸಾಡಬೇಡಿ, ಕಲೆ ತೆಗೆಯಲೂ ಹೋಗಬೇಡಿ. ಸವೆದ ಭಾಗವನ್ನು ತೆಳುವಾದ ಮಲ್ಮಲ್ ಬಟ್ಟೆಯ ಮೇಲೆ ಅಂಟಿಸದೆ, ಸಣ್ಣ ಹೊಲಿಗೆಯಲ್ಲಿ ಕೂಡಿಸಿ, ಒಳಪದರಕ್ಕೆ ಬಳಸಿ. ದರ್ಜಿಗಳು ಕಾಲರಿಗೆ ಬಳಸುವ ಪೇಸ್ಟಿಂಗ್ ಬಟ್ಟೆಯನ್ನು ಇಸ್ತ್ರಿಯಿಂದ ಅಂಟಿಸಿದರೆ ಕೆಲಸ ಸುಲಭವೇನೋ ಹೌದು, ಆದರೆ ಕೌದಿ ರಟ್ಟಿನಂತಾಗುತ್ತದೆ, ಕೈಸೂಜಿಯೂ ಇಳಿಯುವುದಿಲ್ಲ.

ಇಳಕಲ್ ಸೀರೆಯ ಸೆರಗಿನ ಬಗ್ಗೆ ವಿಶೇಷ ಎಚ್ಚರಿಕೆ ಬೇಕು. ಅದರ ಒಡಲಿನ ಹಾಸು ಬೇರೆ, ಸೆರಗಿನ ಹಾಸು ಬೇರೆ. ಎರಡನ್ನೂ ಮಗ್ಗದ ಮೇಲೆಯೇ ಒಂದಕ್ಕೊಂದು ಕುಣಿಕೆ ಹಾಕಿ ಜೋಡಿಸಿ ನೇಯ್ದಿರುತ್ತಾರೆ. ನೇಕಾರರು ಇದನ್ನು ತೋಪು ತೆನಿ ಎನ್ನುತ್ತಾರೆ. ಈ ಕೂಡುಗೆರೆಯ ಮೇಲೆ ಕತ್ತರಿ ಆಡಿಸಿದರೆ ಕುಣಿಕೆಗಳು ಬಿಚ್ಚಿ ಸೆರಗು ಎಳೆಎಳೆಯಾಗಿ ಉದುರತೊಡಗುತ್ತದೆ. ಒಡಲಿನ ಕಡೆ ಒಂದು ಗೇಣು ಬಿಟ್ಟು ಬೇರ್ಪಡಿಸಿ. ಸೆರಗಿನ ಮೇಲೆ ಕಸೂತಿಯ ಗೋಪುರ, ತೇರು, ಆನೆ ಇದ್ದರೆ ಅವನ್ನು ಚಿತ್ರ ತುಂಡಾಗದ ಹಾಗೆ ಬಿಡಿಸಿಕೊಳ್ಳಿ. ಕಸೂತಿಗೆ ಗಂಟು ಇರುವುದಿಲ್ಲವಾದ್ದರಿಂದ ನಡುವೆ ಕತ್ತರಿಸಿದರೆ ದಾರ ಹಿಂದಕ್ಕೆ ಜಾರುತ್ತದೆ.

ಇನ್ನು ಖಣದ ಕುಬಸಗಳು. ಇಲ್ಲಿ ನನ್ನದೇ ಒಂದು ತಪ್ಪನ್ನು ಹೇಳಬೇಕು. ಇಪ್ಪತ್ತು ವರ್ಷಗಳ ಹಿಂದೆ ನನ್ನ ತಂದೆ ತೀರಿಕೊಂಡಾಗ ಅವರ ಎರಡು ಧೋತರಗಳನ್ನು ಒಳಪದರವಾಗಿಟ್ಟು, ಮೇಲೆ ತಾಯಿಯ ಹಳೆಯ ಖಣಗಳ ಚೂರುಗಳನ್ನು ಜೋಡಿಸಿ ಒಂದು ಕೌದಿ ಹೊಲಿದೆ. ಆ ಹೊತ್ತಿಗೆ ಹತ್ತಾರು ಕೌದಿ ಹೊಲಿದಿದ್ದ ಧೈರ್ಯದಲ್ಲಿ ಒಂದೇ ಒಂದು ಚೂರನ್ನೂ ತೋಯಿಸಿ ನೋಡಲಿಲ್ಲ. ಮೊದಲ ಸಲ ಒಗೆದು ಹಗ್ಗಕ್ಕೆ ಹಾಕಿ ಅರ್ಧ ಗಂಟೆಯ ನಂತರ ಬಂದು ನೋಡಿದರೆ, ದಾಳಿಂಬೆ ಬಣ್ಣದ ಖಣ ಬಣ್ಣ ಬಿಟ್ಟು, ನೀರು ಇಳಿದ ದಿಕ್ಕಿನಲ್ಲೆಲ್ಲ ಧೋತರದ ಬಿಳುಪಿನ ಮೇಲೆ ಕೆಂಪು ಗೆರೆಗಳು ಮೂಡಿದ್ದವು. ಉಪ್ಪು ಹಾಕಿದೆ, ನಿಂಬೆಹಣ್ಣು ತಿಕ್ಕಿದೆ, ಕೊನೆಗೆ ಅತ್ತುಬಿಟ್ಟೆ. ಗಂಗಾವತಿಯ ಕಡೆಯ ಕೌದಿ ಹೊಲಿಯುವ ಅಜ್ಜಿಯೊಬ್ಬರು ನೋಡಿ, ‘ಕೆಂಪು ಅರಿವಿ ಮೊದ್ಲ ಮೂರು ನೀರು ಕುಡೀಬೇಕವ್ವಾ, ಆಮ್ಯಾಲೆ ಬಿಳೀದರ ಮಗ್ಗಲ ಕೂಡಬೇಕು’ ಎಂದರು. ಆ ಕೌದಿ ಇಂದಿಗೂ ನನ್ನ ಮಂಚದ ಮೇಲಿದೆ, ಗೆರೆಗಳ ಸಮೇತ.

ಹೀಗಾಗಿ ಹರಿಯುವ ಮೊದಲು ಎಲ್ಲವನ್ನೂ ನೀರಿಗೆ ಹಾಕಿ. ಕೆಂಪು, ನೇರಳೆ, ಕಡು ಹಸಿರು ಬಟ್ಟೆಗಳನ್ನು ಬೇರೆ ಬೇರೆ ಬಕೆಟ್‌ನಲ್ಲಿ ತಣ್ಣೀರಿನಲ್ಲಿ ನೆನೆಸಿ, ನೀರು ತಿಳಿಯಾಗುವವರೆಗೆ ಬದಲಿಸುತ್ತಾ ಹೋಗಬೇಕು. ಮೂರು ಸಲಕ್ಕೆ ನಿಲ್ಲದಿದ್ದರೆ ಐದು ಸಲ. ನಂತರ ಒದ್ದೆ ತುಂಡಿನ ಮೇಲೆ ಬಿಳಿ ಬಟ್ಟೆ ಹಾಸಿ ಬಿಸಿ ಇಸ್ತ್ರಿ ಒತ್ತಿ ನೋಡಿ. ಬಿಳಿ ಬಟ್ಟೆಗೆ ಬಣ್ಣ ಹತ್ತಿದರೆ ಆ ಖಣ ಧೋತರದೊಡನೆ ಸೇರಬಾರದು. ಉಪ್ಪು ಅಥವಾ ವಿನೆಗರ್ ಹಾಕಿದರೆ ಬಣ್ಣ ‘ಕೂತುಕೊಳ್ಳುತ್ತದೆ’ ಎಂಬ ಮಾತು ಎಲ್ಲ ಮನೆಗಳಲ್ಲೂ ಇದೆ. ಈಗಾಗಲೇ ಬಣ್ಣ ಹಾಕಿದ ಹತ್ತಿ ಬಟ್ಟೆಯ ಮಟ್ಟಿಗೆ ಅದು ನಿಜವಲ್ಲ. ಡಿಟರ್ಜೆಂಟ್ ಪುಡಿಯ ಬದಲು ಅಂಟುವಾಳಕಾಯಿಯ ನೀರು ಸಾಕು. ನಮ್ಮ ಕಡೆಯ ಬೋರ್‌ವೆಲ್ ನೀರು ಗಡಸು. ಸೋಪು ಹಾಕಿದರೆ ಬಟ್ಟೆಯ ಮೇಲೆ ಬೂದಿಯಂಥ ಪದರ ಕೂರುತ್ತದೆ. ಕೊನೆಯ ಜಾಲಾಡುವಿಕೆಗಾದರೂ ಮಳೆನೀರು ಅಥವಾ ಫಿಲ್ಟರ್ ನೀರು ಬಳಸಿ. ಒಣಗಿಸುವುದು ನೆರಳಿನಲ್ಲಿ. ರಾಯಚೂರಿನ ಏಪ್ರಿಲ್ ಬಿಸಿಲು ನಲವತ್ತು ಡಿಗ್ರಿ ದಾಟುವ ಬಿಸಿಲು, ಅದು ಹಳೆಯ ಬಣ್ಣದ ಮೇಲೆ ಕರುಣೆ ತೋರುವುದಿಲ್ಲ.

ನೀವು ಕೇಳದ ಒಂದು ಪ್ರಶ್ನೆಗೂ ಇಲ್ಲಿಯೇ ಉತ್ತರಿಸುತ್ತೇನೆ, ಏಕೆಂದರೆ ಒಗೆದ ಮೇಲೆ ಅದಕ್ಕೆ ಪರಿಹಾರವಿಲ್ಲ. ನೀರು ಬಿದ್ದ ಕೂಡಲೇ ಅವ್ವನ ವಾಸನೆ ಹೋಗುತ್ತದೆ. ಎಲೆಅಡಿಕೆ, ಕೊಬ್ಬರಿ ಎಣ್ಣೆ, ಒಲೆಯ ಹೊಗೆ, ಏನೇ ಇರಲಿ, ಹೋಗುತ್ತದೆ. ಆದ್ದರಿಂದ ಒಂದು ಕುಬಸವನ್ನಾದರೂ ಒಗೆಯದೆ, ತೇವ ಇಲ್ಲವೆಂದು ಖಚಿತ ಮಾಡಿಕೊಂಡು, ಬಿಗಿ ಮುಚ್ಚಳದ ಸ್ಟೀಲ್ ಡಬ್ಬಿಯಲ್ಲಿ ಹಾಕಿಡಿ. ಅದನ್ನು ಪದೇ ಪದೇ ತೆಗೆದರೆ ಬೇಗ ಮುಗಿಯುತ್ತದೆ.

ಈಗ ಲೆಕ್ಕ. ಒಂದೇ ದೊಡ್ಡ ಕೌದಿ ಹೊಲಿದು ವರ್ಷಕ್ಕೆ ಒಬ್ಬರ ಮನೆಯಲ್ಲಿ ಇರಲಿ ಎಂಬ ಏರ್ಪಾಡನ್ನು ನಾನು ಎಲ್ಲಿಯೂ ಎರಡನೆಯ ವರ್ಷ ದಾಟಿದ್ದನ್ನು ಕಂಡಿಲ್ಲ. ಮೂರು ಸಣ್ಣ ಕೌದಿಗಳೇ ಸರಿ. ಒಂಬತ್ತು ವಾರಿ ಎಂದರೆ 27 ಅಡಿ; ಎರಡು ಸೀರೆ ಸೇರಿ 54 ಅಡಿ. ಸೆರಗು ಮತ್ತು ಜೀರ್ಣವಾದ ಭಾಗಗಳನ್ನು ಬಿಟ್ಟರೆ 40 ಅಡಿಯಷ್ಟು ಉಳಿಯುತ್ತದೆ ಎಂದು ಹಿಡಿಯೋಣ. ಸೀರೆಯ ಅಗಲ ಸುಮಾರು ನಾಲ್ಕು ಅಡಿ, ಅದನ್ನೇ ಕೌದಿಯ ಅಗಲವಾಗಿ ಇಟ್ಟುಕೊಂಡರೆ ನಡುವೆ ಜೋಡಣೆಯೇ ಬರುವುದಿಲ್ಲ. ಉದ್ದ ನಾಲ್ಕೂವರೆ ಅಡಿ ಇಟ್ಟು, ಪ್ರತಿ ಕೌದಿಗೆ ಮೂರು ಪದರ ಎಂದರೆ ಮೂರಕ್ಕೂ ಸೇರಿ 40.5 ಅಡಿ ಬೇಕು. ಸರಿಹೋಗುತ್ತದೆ, ಅರ್ಧ ಅಡಿ ಅಲ್ಲಿ ಇಲ್ಲಿ ಸರಿದೂಗಿಸಬಹುದು. ಮೂರೂ ಕೌದಿಗಳಲ್ಲಿ ಎರಡೂ ಸೀರೆಗಳ ಪದರ ಇರುವಂತೆ ಹಂಚಿ. ‘ನನ್ನದರಲ್ಲಿ ಅವ್ವ ದಿನಾ ಉಡುವ ಸೀರೆ ಇಲ್ಲ’ ಎಂಬ ಮಾತು ಹತ್ತು ವರ್ಷದ ನಂತರ ಬರುವಂಥದ್ದು. ಮೇಲೆ ಖಣದ ಚೂರುಗಳು, ಸೆರಗಿನ ತುಂಡುಗಳು, ಬೇಕಿದ್ದರೆ ಧೋತರದ ಒಂದು ಅಂಗೈಯಗಲ. ಹತ್ತಿ ತುಂಬಿಸಬೇಡಿ. ಅರಳೆ ತುಂಬಿಸಿದರೆ ಅದು ಗಾದಿಯಾಗುತ್ತದೆ, ಒಗೆಯಲು ಬರುವುದಿಲ್ಲ, ಮತ್ತು ನಮ್ಮ ಸೀಮೆಯ ಚಳಿಗೆ ಮೂರು ಪದರ ಸೀರೆ ಧಾರಾಳವಾಗಿ ಸಾಕು.

ತಮ್ಮನ ಬಳ್ಳಾರಿಯ ಸಲಹೆಯನ್ನು ನಾನು ಒಪ್ಪಲಾರೆ. ಬಳ್ಳಾರಿಯ ಜೀನ್ಸ್ ಹೊಲಿಯುವವರ ಕೈಚಳಕದ ಬಗ್ಗೆ ಎರಡು ಮಾತಿಲ್ಲ, ಆದರೆ ಅವರ ಯಂತ್ರಗಳು ದಪ್ಪ ಬಟ್ಟೆಗೆ ಹೊಂದಿಸಿದಂಥವು. ಹದಿನಾರು ಅಥವಾ ಹದಿನೆಂಟನೆಯ ನಂಬರಿನ ಸೂಜಿ ಸವೆದ ಸೀರೆಯ ಮೇಲೆ ಸಾಲಾಗಿ ತೂತು ಕೊರೆಯುತ್ತದೆ, ಬಿಗಿಯಾದ ಪಾಲಿಯೆಸ್ಟರ್ ದಾರ ಆ ತೂತುಗಳ ಗುಂಟ ಬಟ್ಟೆಯನ್ನು ಅಂಚೆಚೀಟಿಯಂತೆ ಹರಿದುಹಾಕುತ್ತದೆ. ಹಳೆಯ ಬಟ್ಟೆಗೆ ಬಳಸುವ ದಾರ ಬಟ್ಟೆಗಿಂತ ಬಲವಾಗಿರಬಾರದು. ಎಳೆತ ಬಿದ್ದಾಗ ದಾರ ಹರಿಯಬೇಕು, ಬಟ್ಟೆ ಉಳಿಯಬೇಕು, ಏಕೆಂದರೆ ದಾರವನ್ನು ಮತ್ತೆ ಹಾಕಬಹುದು. ಹತ್ತಿಯ ದಾರ, ಸಣ್ಣ ಸೂಜಿ, ದಾರ ಸಿಕ್ಕಾಗದಂತೆ ಅದರ ಮೇಲೆ ಒಮ್ಮೆ ಎಳೆಯಲು ಒಂದು ಚೂರು ಜೇನುಮೇಣ, ಬೆರಳಿಗೆ ಅಂಗುಸ್ತಾನ, ಇಷ್ಟು ಸಾಕು. ಮೂರು ಕೌದಿಗೂ ಬೇಕಾಗುವಷ್ಟು ದಾರವನ್ನು ಒಟ್ಟಿಗೇ ಕೊಂಡುಬಿಡಿ, ಮುಂದಿನ ಸಲ ಅದೇ ಬಣ್ಣ ಸಿಗುವುದಿಲ್ಲ.

ಹೊಲಿಯುವ ಕ್ರಮ ಕಷ್ಟವಲ್ಲ, ದೀರ್ಘ. ಪಡಸಾಲೆಯ ನೆಲವನ್ನು ಒರೆಸಿ ಪದರಗಳನ್ನು ಒಂದರ ಮೇಲೊಂದು ಹಾಸಿ, ನಾಲ್ಕು ಮೂಲೆಗೆ ಭಾರ ಇಟ್ಟು, ಅಂಗೈಯಿಂದ ನಡುವಿನಿಂದ ಹೊರಗೆ ಸವರಿ ಗಾಳಿ ತೆಗೆಯಬೇಕು. ಗೇಣಿಗೊಂದರಂತೆ ಉದ್ದುದ್ದ ಕಚ್ಚಾ ಟಾಕಿ (ತಾತ್ಕಾಲಿಕ ಹೊಲಿಗೆ) ಹಾಕಿ ಪದರಗಳನ್ನು ಹಿಡಿದಿಡಬೇಕು. ಇದನ್ನು ನಡುವಿನಿಂದ ಆರಂಭಿಸಿದರೆ ಸುಕ್ಕು ಹೊರಗೆ ಹೋಗುತ್ತದೆ. ನಿಜವಾದ ಹೊಲಿಗೆ ಮಾತ್ರ ಅಂಚಿನಿಂದ ಶುರುವಾಗುತ್ತದೆ. ಅಂಚನ್ನು ಒಳಕ್ಕೆ ಮಡಚಿ, ಸುತ್ತಲೂ ಒಂದು ಸಾಲು, ಅದರ ಒಳಗೆ ಒಂದು ಅಂಗುಲ ಬಿಟ್ಟು ಇನ್ನೊಂದು ಸಾಲು, ಹೀಗೆ ಹೊಲದಲ್ಲಿ ಉಳುವ ಸಾಲಿನಂತೆ ಸುತ್ತುತ್ತಾ ನಡುವಿಗೆ ಬರಬೇಕು. ಸಾಲು ಬಂದಂತೆ ಖಣದ ಚೂರುಗಳನ್ನು ಅಂಚು ಮಡಚಿ ಅಲ್ಲಲ್ಲೇ ಇಟ್ಟು ಅದೇ ಹೊಲಿಗೆಯಲ್ಲಿ ಸೇರಿಸಿಕೊಳ್ಳುತ್ತಾ ಹೋಗಿ. ಮೊದಲೇ ನಕ್ಷೆ ಬರೆದು, ಚೂರುಗಳನ್ನೆಲ್ಲ ಒಂದೇ ಅಳತೆಗೆ ಕತ್ತರಿಸಿ ಕೂರುವ ವಿಧಾನ ನೋಡಲು ಅಚ್ಚುಕಟ್ಟು, ಆದರೆ ಚೂರಿನ ಸಹಜ ಆಕಾರ ಹೋಗುತ್ತದೆ. ಕುಬಸದ ತೋಳಿನ ತುಂಡು ತೋಳಿನ ಹಾಗೆಯೇ ಕಾಣಲಿ ಎಂಬುದು ನನ್ನ ಅಭಿಪ್ರಾಯ. ಹುಕ್ಕುಗಳನ್ನು ಮಾತ್ರ ಕಿತ್ತುಬಿಡಿ, ತುಕ್ಕು ಹಿಡಿಯುತ್ತವೆ. ಸಂಡೂರಿನ ಲಂಬಾಣಿ ಕಸೂತಿಯನ್ನು ಕಂಡು ಮನಸೋತು ಕನ್ನಡಿ ಕೂರಿಸುವ ಆಸೆ ಬಂದರೆ ಅದನ್ನು ಗೋಡೆಗೆ ತೂಗುಹಾಕುವ ಬಟ್ಟೆಗೆ ಮೀಸಲಿಡಿ. ಹೊದೆಯುವ ಕೌದಿಯಲ್ಲಿ ಕನ್ನಡಿ ಕೆನ್ನೆಗೆ ಚುಚ್ಚುತ್ತದೆ.

ನಾಲ್ಕು ಅಡಿ ಅಗಲ, ನಾಲ್ಕೂವರೆ ಅಡಿ ಉದ್ದದ ಒಂದು ಕೌದಿಗೆ ಅಂಗುಲಕ್ಕೊಂದು ಸಾಲು ಎಂದರೆ ಸುಮಾರು 72 ಗಜದಷ್ಟು ಹೊಲಿಗೆ. ಅಂಗುಲಕ್ಕೆ ಮೂರು ಟಾಕಿಯಂತೆ ಎಂಟು ಸಾವಿರದ ಹತ್ತಿರ. ಶಾಲೆ ಮುಗಿಸಿ ಬಂದು ದಿನಕ್ಕೆ ಒಂದು ಗಂಟೆ ಕುಳಿತರೂ ವರ್ಷದ ಕಾರ್ಯಕ್ಕೆ ಉಳಿದಿರುವ ನಾಲ್ಕು ತಿಂಗಳಲ್ಲಿ ನಿಮ್ಮದು ಮುಗಿಯುತ್ತದೆ. ಮೂರನ್ನೂ ನೀವೇ ಹೊರಬೇಡಿ. ತಂಗಿ ತನ್ನದನ್ನು ಹೊಲಿಯಲಿ. ತಮ್ಮನಿಗೆ ಸೂಜಿ ಹಿಡಿದು ರೂಢಿಯಿಲ್ಲದಿದ್ದರೆ ಅವನದನ್ನು ಊರಿನಲ್ಲಿ ಕೌದಿ ಹೊಲಿಯುವ ಹೆಣ್ಣುಮಕ್ಕಳಿಗೆ ಕೂಲಿ ಕೊಟ್ಟು ಹೊಲಿಸಿ, ಆದರೆ ಒಳಗಿನ ಒಂದು ಸಾಲನ್ನಾದರೂ ಅವನೇ ಹಾಕಲಿ. ಅದು ಸೊಟ್ಟಗೇ ಬರುತ್ತದೆ. ಬಿಚ್ಚಿ ಸರಿಪಡಿಸಲು ಹೋಗಬೇಡಿ.

ಹೆಸರು ಹಾಕಬೇಕೇ ಎಂದು ಹಲವರು ಕೇಳುತ್ತಾರೆ. 1987ರಲ್ಲಿ ಅಮೆರಿಕದಲ್ಲಿ ಏಡ್ಸ್‌ನಿಂದ ತೀರಿಕೊಂಡವರ ನೆನಪಿಗೆ ಅವರ ಆಪ್ತರು ಮೂರು ಅಡಿ ಅಗಲ, ಆರು ಅಡಿ ಉದ್ದದ ಬಟ್ಟೆಗಳ ಮೇಲೆ ಒಬ್ಬೊಬ್ಬರ ಹೆಸರನ್ನು ಹೊಲಿದು, ಸುಮಾರು 1,900 ಬಟ್ಟೆಗಳನ್ನು ವಾಷಿಂಗ್ಟನ್ನಿನ ಬಯಲಿನಲ್ಲಿ ಹಾಸಿದ್ದರು. ಹೆಸರು ಹೇಳಲೂ ಜನ ಹಿಂಜರಿಯುತ್ತಿದ್ದ ಕಾಯಿಲೆಯಾದ್ದರಿಂದ ಅಲ್ಲಿ ಹೆಸರೇ ಮುಖ್ಯವಾಗಿತ್ತು. ನಮ್ಮ ಕೌದಿಗಳಿಗೆ ಹೆಸರು ಹಾಕುವ ಪದ್ಧತಿಯಿಲ್ಲ, ನಾವು ಹೆಸರು ಹಾಕಿಸುವುದು ಪಾತ್ರೆಗಳ ಮೇಲೆ. ನಿಮ್ಮ ಮನೆಯಲ್ಲಿಯೂ ಅವ್ವನ ಹೆಸರು ಕೊರೆಸಿದ ತಂಬಿಗೆಯೋ ಪರಾತವೋ ಇದ್ದೇ ಇರುತ್ತದೆ. ಅದರ ಮೇಲೆ ತೆಳು ಕಾಗದ ಇಟ್ಟು ಪೆನ್ಸಿಲ್ ಅಡ್ಡವಾಗಿ ತಿಕ್ಕಿದರೆ ಆ ಚುಕ್ಕಿ ಚುಕ್ಕಿಯ ಅಕ್ಷರಗಳು ಕಾಗದಕ್ಕೆ ಇಳಿಯುತ್ತವೆ. ಕಾರ್ಬನ್ ಹಾಳೆಯಿಂದ ಅವನ್ನು ಬಟ್ಟೆಗೆ ದಾಟಿಸಿ, ಒಂದೊಂದು ಚುಕ್ಕಿಗೆ ಒಂದೊಂದು ಟಾಕಿ ಹಾಕಿ. ಪಾತ್ರೆಯ ಮೇಲೆ ಹೆಸರು ಕೊರೆದವನ ಕೈಬರಹ, ಅವನು ಬಿಟ್ಟ ಒತ್ತಕ್ಷರವೂ ಸೇರಿ, ಹಾಗೆಯೇ ಬರುತ್ತದೆ. ಅದು ಕೌದಿಯ ಹಿಂಬದಿಯ ಮೂಲೆಯಲ್ಲಿರಲಿ.

ಕೊನೆಯದಾಗಿ, ನಡುವಿನಲ್ಲಿ ಅಂಗೈಯಗಲ ಜಾಗವನ್ನು ಹೊಲಿಯದೆ ಬಿಡಿ. ನಮ್ಮ ಕಡೆಯ ಕೆಲವು ಮನೆಗಳಲ್ಲಿ ಅದನ್ನು ಕೌದಿಯ ಹೊಟ್ಟೆ ಎನ್ನುತ್ತಾರೆ; ಅದನ್ನು ಹಸಿದಂತೆಯೇ ಮುಚ್ಚಬಾರದೆಂದು ಒಂದು ತುತ್ತು ಇಟ್ಟು ನಂತರ ಮುಗಿಸುತ್ತಾರೆ. ತುತ್ತನ್ನು ಒಳಗಿಟ್ಟು ಹೊಲಿದರೆ ಇರುವೆಯೂ ಇಲಿಯೂ ಬರುತ್ತವೆ, ಆದ್ದರಿಂದ ಮೇಲೆ ಇಟ್ಟು ತೆಗೆದರೆ ಸಾಕು. ವರ್ಷದ ಕಾರ್ಯದ ದಿನ ಮೂರು ಕೌದಿಗಳನ್ನೂ ಪಡಸಾಲೆಯಲ್ಲಿ ಹಾಸಿ, ದೊಡ್ಡವ್ವನ ಕೈಯಿಂದ ಒಂದೊಂದರ ಮೇಲೆ ಜೋಳದ ರೊಟ್ಟಿಯ ಒಂದು ಚೂರು ಇಡಿಸಿ, ಅದನ್ನು ಹಸುವಿಗೆ ಹಾಕಿ, ಉಳಿದ ಜಾಗವನ್ನು ಅವರ ಮುಂದೆಯೇ ಹೊಲಿದು ಮುಗಿಸಿ. ದೊಡ್ಡವ್ವನಿಗೆ ಕಣ್ಣು ಕಾಣಿಸುವ ಹಾಗಿದ್ದರೆ ಸೂಜಿಯನ್ನು ಅವರಿಗೇ ಕೊಡಿ. ಇಲ್ಲದಿದ್ದರೆ ದಾರ ಪೋಣಿಸಿ ಅವರ ಕೈ ಹಿಡಿದು ಒಂದು ಟಾಕಿ ಹಾಕಿಸಿ.